ಯಾವ ಮಂದಿಯ ಬುರುಡೆ?

ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ನಾವು ಓದುವ ಕಾಲಕ್ಕೆ, ಅಂದರೆ 1980ರ ದಶಕದ ಮೊದಲ ವರ್ಷಗಳಲ್ಲಿ, ಹೊಸಬರು ಪುಸ್ತಕಕ್ಕಿಂತ ಮೊದಲು ಎಲುಬು ಕೊಳ್ಳುತ್ತಿದ್ದರು. ಹಾಸ್ಟೆಲ್ಲಿನಲ್ಲಿ ಅದಕ್ಕೆ ‘ಬೋನ್ ಸೆಟ್’ ಎನ್ನುತ್ತಿದ್ದೆವು. ಎರಡನೇ ವರ್ಷಕ್ಕೆ ದಾಟಿದವನು ಆಗತಾನೇ ಬಂದವನಿಗೆ ಮಾರಿ ಕೈತೊಳೆದುಕೊಳ್ಳುವುದು ರೂಢಿ. ಕೈ ಬದಲಾದರೂ ಬೆಲೆ ಇಳಿಯುತ್ತಿರಲಿಲ್ಲ. ಬುರುಡೆ ಚೆನ್ನಾಗಿದ್ದರೆ ಏರುತ್ತಲೂ ಇತ್ತು. ಹಲ್ಲು ಆದಷ್ಟು ಇರಬೇಕು, ಕಣ್ಣಗೂಡಿನ ಒಳಗೋಡೆ ಒಡೆದಿರಬಾರದು, ಕಿವಿಯ ಕೆಳಗೆ ಇಳಿಬಿದ್ದ ತೆಳ್ಳನೆಯ ಸ್ಟೈಲಾಯ್ಡ್ ಮೊನೆ ಮುರಿದಿರಬಾರದು. ನನ್ನ ಪಾಲಿಗೆ ಬಂದ ಬುರುಡೆಯ ಮೇಲ್ಭಾಗವನ್ನು ಗರಗಸದಿಂದ ಕೊಯ್ದು, ಕೊಕ್ಕೆ ಹಾಕಿ ಮತ್ತೆ ಕೂಡಿಸಿದ್ದರು. ಕೆಳದವಡೆ ಸ್ಪ್ರಿಂಗಿನ ಮೇಲೆ ಆಡುತ್ತಿತ್ತು. ಸ್ನಾಯು ಹುಟ್ಟುವ ಜಾಗಕ್ಕೆ ಕೆಂಪು ಬಣ್ಣ, ಹೋಗಿ ಅಂಟುವ ಜಾಗಕ್ಕೆ ನೀಲಿ ಬಣ್ಣ. ಬಳಿದವರು ನನಗಿಂತ ಹಿಂದೆ ಅದನ್ನೇ ಓದಿ ಪಾಸಾಗಿ ಹೋದವರು.

ರಜೆಗೆ ಅದನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ. ತೆಕ್ಕಲಕೋಟೆ, ಸಿರುಗುಪ್ಪ ದಾಟಿ ತುಂಗಭದ್ರೆಯ ಈಚೆ ದಂಡೆಗೆ ಬರುವವರೆಗೂ ಚೀಲ ಕಾಲಡಿಯಲ್ಲೇ ಇತ್ತು. ಕಂಡಕ್ಟರ್ ಕೇಳಿದಾಗ ‘ಪುಸ್ತಕ ಅದಾವ್ರಿ’ ಅಂದೆ. ಮನೆಯಲ್ಲಿ ಅವ್ವನಿಗೆ ಮಾತ್ರ ಹಾಗೆ ಹೇಳಿ ಪಾರಾಗುವಂತಿರಲಿಲ್ಲ. ಚೀಲ ಹೊಸ್ತಿಲು ದಾಟಲಿಲ್ಲ. ದನದ ಕೊಟ್ಟಿಗೆಯ ಗೂಡಿನಲ್ಲಿಟ್ಟು, ಅಲ್ಲೇ ಕುಳಿತು ಓದಬೇಕಾಯಿತು. ಹಾಲು ಹಿಂಡಲು ಬಂದ ಅವ್ವ ದೂರದಿಂದಲೇ ಅದನ್ನು ನೋಡಿ ಮೂರು ಪ್ರಶ್ನೆ ಕೇಳಿದಳು: ‘ಗಂಡೋ ಹೆಣ್ಣೋ? ಯಾವ ಊರಿಂದು? ಯಾವ ಮಂದಿ?’

ಹೊಸಬರು ಯಾರೇ ಮನೆಗೆ ಬಂದರೂ ನಮ್ಮ ಕಡೆ ಕೇಳುವ ಪ್ರಶ್ನೆಗಳೇ ಇವು. ಮೂರನೆಯದರಲ್ಲಿ ಜಾತಿಯ ವಿಚಾರಣೆ ಇದ್ದದ್ದು ಹೌದು. ಆದರೆ ಅವ್ವನ ಚಿಂತೆ ಬೇರೆಯಿತ್ತು. ಸುಡುವ ಮಂದಿಯೋ ಹೂಳುವ ಮಂದಿಯೋ ತಿಳಿಯದೆ, ಈ ತಲೆಗೆ ಆಗಬೇಕಾದದ್ದು ಆಗದೆ ಹೀಗೆ ಕೊಟ್ಟಿಗೆಯಲ್ಲಿ ಕುಳಿತಿದೆಯಲ್ಲ ಎಂಬುದು ಅವಳಿಗೆ ಸರಿಬರಲಿಲ್ಲ. ನನಗಾಗ ಪರೀಕ್ಷೆಯ ಚಿಂತೆ. ಆಮೇಲೆ ಲಿಂಗಸುಗೂರು, ಸಿಂಧನೂರು, ಮಸ್ಕಿಯ ಸುತ್ತಮುತ್ತಲೇ ಸರ್ಕಾರಿ ನೌಕರಿಯ ಬಹುಪಾಲು ಕಳೆದವನಿಗೆ, ಅಂಗರಚನಾಶಾಸ್ತ್ರದ ಚೌರಾಸಿಯಾ ಪುಸ್ತಕ ಕಲಿಸಿದ್ದಕ್ಕಿಂತ ಈ ಮೂರು ಪ್ರಶ್ನೆ ಕಲಿಸಿದ್ದೇ ಹೆಚ್ಚು ಅನ್ನಿಸುತ್ತದೆ.

ಮೊದಲನೆಯದಕ್ಕೆ ಕೊಟ್ಟಿಗೆಯಲ್ಲೇ ಉತ್ತರ ಹೇಳಬಹುದಿತ್ತು. ಹುಬ್ಬಿನ ಮೇಲಿನ ದಿಬ್ಬ ಎದ್ದು ಕಾಣುತ್ತಿತ್ತು. ಕಿವಿಯ ಹಿಂದಿನ ಮಾಸ್ಟಾಯ್ಡ್ ಉಬ್ಬು ದಪ್ಪಗಿತ್ತು. ಹಿಂದಲೆಯ ನಡುವೆ ಕೈಗೆ ಸಿಗುವ ಗಂಟು ಒರಟಾಗಿತ್ತು. ದವಡೆಯ ಮೂಲೆ ಅಗಲವಾಗಿ ಹೊರಕ್ಕೆ ಚಾಚಿತ್ತು. ಇಷ್ಟೂ ಕೂಡಿದರೆ ಬಹುಶಃ ಗಂಡಸು. ಬುರುಡೆಯೊಂದನ್ನೇ ನೋಡಿ ಹೇಳುವವನು ‘ಬಹುಶಃ’ ಎಂಬ ಮಾತನ್ನು ಬಿಡುವಂತಿಲ್ಲ. ಸೊಂಟದ ಎಲುಬು ಜೊತೆಗಿದ್ದರೆ ಮಾತ್ರ ಧೈರ್ಯವಾಗಿ ಹೇಳಬಹುದು. ವಯಸ್ಸೂ ಹಾಗೆಯೇ. ಬುರುಡೆಯ ತಳದಲ್ಲಿ ಸ್ಫೀನಾಯ್ಡ್ ಮತ್ತು ಆಕ್ಸಿಪಿಟಲ್ ಎಲುಬುಗಳ ನಡುವಿನ ಮೃದ್ವಸ್ಥಿ ಹರೆಯದಲ್ಲಿ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಅದು ಬೆಸೆದು ಬುದ್ಧಿಹಲ್ಲೂ ಬಂದಿದ್ದರೆ ಆಳು ಬೆಳೆದವನು ಎಂದರ್ಥ. ಅಲ್ಲಿಂದಾಚೆ ಮೂವತ್ತೋ ಐವತ್ತೋ ಹೇಳುವುದು ಕಷ್ಟ.

ಬುರುಡೆ ಒಂದೇ ಎಲುಬು ಎಂದು ಅವ್ವ ತಿಳಿದಿದ್ದಳು. ಹೆಚ್ಚಿನವರು ಹಾಗೇ ತಿಳಿದಿರುತ್ತಾರೆ. ಅದರಲ್ಲಿ 22 ಎಲುಬುಗಳಿವೆ. ಮಿದುಳನ್ನು ಸುತ್ತುವರಿದ ಪೆಟ್ಟಿಗೆಗೆ 8: ಹಣೆಯ ಫ್ರಾಂಟಲ್ ಒಂದು, ನೆತ್ತಿಯ ಎರಡೂ ಬದಿಗೆ ಪರೈಟಲ್, ಕಣತಲೆಯಿಂದ ಕಿವಿಯವರೆಗೆ ಎರಡು ಟೆಂಪೊರಲ್, ಹಿಂದಲೆಗೆ ಆಕ್ಸಿಪಿಟಲ್, ತಳದಲ್ಲಿ ಅಡ್ಡಲಾಗಿ ಸ್ಫೀನಾಯ್ಡ್, ಮೂಗಿನ ಮೇಲ್ಛಾವಣಿಯಲ್ಲಿ ತೂತು ತೂತಾದ ಎತ್ಮಾಯ್ಡ್. ವಾಸನೆಯ ನರಗಳು ಮಿದುಳಿಗೆ ಏರುವುದು ಆ ತೂತುಗಳಿಂದಲೇ. ಉಳಿದ 14 ಮುಖದವು. ಅವುಗಳಲ್ಲಿ ಕೀಲಿನ ಮೇಲೆ ಆಡುವುದು ಕೆಳದವಡೆ ಒಂದೇ. ಕಿವಿಯೊಳಗಿನ ಮೂರು ಮೂರು ಸಣ್ಣ ಎಲುಬುಗಳನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಅವುಗಳಲ್ಲಿ ಸ್ಟೇಪಿಸ್ ಇಡೀ ಮೈಯಲ್ಲೇ ಚಿಕ್ಕದು, ಉದ್ದ ಸುಮಾರು 3 ಮಿಲಿಮೀಟರ್. ನಮ್ಮ ಬೋನ್ ಸೆಟ್ಟುಗಳಲ್ಲಿ ಅದು ಎಂದೋ ಉದುರಿಹೋಗಿರುತ್ತಿತ್ತು.

ಈ ಎಲುಬುಗಳು ಕೂಡುವ ಗೆರೆಗಳನ್ನು ನೋಡಿ ಊರಿನ ಹಿರಿಯರು ಬ್ರಹ್ಮ ಬರೆದ ಬರಹ ಎನ್ನುತ್ತಿದ್ದರು. ನನಗೆ ಕಂಡದ್ದು ಅವ್ವನ ಕೌದಿ. ಹಳೆಯ ಸೀರೆ, ಧೋತರದ ತುಂಡುಗಳನ್ನು ಜೋಡಿಸಿ ಅವಳು ಹಾಕುತ್ತಿದ್ದ ಹೊಲಿಗೆಯೂ ಹೀಗೇ ಹಲ್ಲುಹಲ್ಲಾಗಿ ಒಂದರೊಳಗೊಂದು ಕಚ್ಚಿಕೊಳ್ಳುತ್ತಿತ್ತು. ಹಣೆಯ ಹಿಂದೆ ಅಡ್ಡಕ್ಕೆ ಹೋಗುವುದು ಕರೋನಲ್ ಹೊಲಿಗೆ, ನಡುನೆತ್ತಿಯ ಮೇಲೆ ಉದ್ದಕ್ಕೆ ಸ್ಯಾಜಿಟಲ್, ಹಿಂದಲೆಯಲ್ಲಿ ಲ್ಯಾಂಬ್ಡಾಯ್ಡ್. ಹುಟ್ಟಿದಾಗ ಈ ಹೊಲಿಗೆ ಬಿಗಿದಿರುವುದಿಲ್ಲ. ಹಣೆಯ ಎಲುಬೇ ಎರಡು ಹೋಳು, ಕೆಳದವಡೆಯೂ ಎರಡು ಹೋಳು. ತಾಯಿಯ ಸೊಂಟದ ಇಕ್ಕಟ್ಟಿನಲ್ಲಿ ಹೊರಬರುವಾಗ ಒಂದರ ಅಂಚು ಇನ್ನೊಂದರ ಮೇಲೆ ಸರಿದು ದಾರಿ ಮಾಡಿಕೊಳ್ಳುತ್ತವೆ. ಹಿಂದಿನ ಮೆತ್ತನೆಯ ಜಾಗ ಎರಡು ಮೂರು ತಿಂಗಳಲ್ಲಿ, ಮುಂದಿನ ನೆತ್ತಿ ಸುಮಾರು ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ.

ನೆತ್ತಿಯ ವಿಷಯದಲ್ಲಿ ನಮ್ಮ ಹೆಂಗಸರಿಗೆ ಯಾವ ಡಾಕ್ಟರೂ ಕಲಿಸಬೇಕಾಗಿರಲಿಲ್ಲ. ಲಿಂಗಸುಗೂರಿನ ಬೇಸಿಗೆಯಲ್ಲಿ ವಾಂತಿಭೇದಿ ಶುರುವಾದರೆ ಕೂಸನ್ನು ಎತ್ತಿಕೊಂಡು ಬರುವ ತಾಯಿ ಮೊದಲು ಹೇಳುತ್ತಿದ್ದದ್ದು ‘ನೆತ್ತಿ ಬಿದ್ದೈತ್ರಿ’ ಎಂದೇ. ಮೈಯ ನೀರು ಇಂಗಿದಾಗ ನೆತ್ತಿ ಒಳಗೆ ಕುಸಿಯುತ್ತದೆ ಎಂದು ನಾವು ಮಕ್ಕಳ ವೈದ್ಯಶಾಸ್ತ್ರದಲ್ಲಿ ಓದಿದ್ದನ್ನು ಅವರು ಅಂಗೈ ಇಟ್ಟು ತಿಳಿದಿದ್ದರು. ರೋಗ ಗುರುತಿಸುವುದರಲ್ಲಿ ಅವರು ಸರಿ. ಮದ್ದಿನಲ್ಲಿ ಮಾತ್ರ ನಮಗೂ ಅವರಿಗೂ ಜಗಳ. ಅವರು ನೆತ್ತಿಗೆ ಹರಳೆಣ್ಣೆ ಒತ್ತಿ, ಕೆಲವೊಮ್ಮೆ ಬಾಯಿಗೆ ಬೆರಳು ಹಾಕಿ ಅಂಗುಳ ಎತ್ತಲು ನೋಡುತ್ತಿದ್ದರು. ಭೇದಿ ಹೆಚ್ಚಾಗುತ್ತದೆಂದು ನೀರನ್ನೂ ನಿಲ್ಲಿಸುತ್ತಿದ್ದರು. ಸಕ್ಕರೆ ಉಪ್ಪಿನ ನೀರು ಗುಟುಕು ಗುಟುಕಾಗಿ ಕುಡಿಸಿ, ಮರುದಿನ ಅದೇ ಅಂಗೈಯನ್ನು ಅದೇ ನೆತ್ತಿಯ ಮೇಲೆ ಇಡಿಸಿದರೆ ಒಪ್ಪುತ್ತಿದ್ದರು. ವಾದ ಮಾಡಿ ಒಪ್ಪಿಸಿದ್ದಕ್ಕಿಂತ ಹೀಗೆ ಒಪ್ಪಿಸಿದ್ದೇ ಹೆಚ್ಚು.

ಸಿಂಧನೂರಿಗೆ ವರ್ಗವಾದ ಮೇಲೆ ಕಂಡದ್ದು ಬಲಿತ ತಲೆಗಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬಂತು, ಭತ್ತದಿಂದ ರೈಸ್‌ಮಿಲ್ಲು, ಟ್ರ್ಯಾಕ್ಟರು, ಬೈಕು ಬಂದವು. ರಾತ್ರಿ ಬರುತ್ತಿದ್ದವರಲ್ಲಿ ಕಣತಲೆಗೆ ಪೆಟ್ಟಾದವರ ಬಗ್ಗೆ ನಮಗೆ ಹೆಚ್ಚು ಭಯ. ಕಣ್ಣಿನ ಹೊರಮೂಲೆಯ ಹಿಂದೆ ಫ್ರಾಂಟಲ್, ಪರೈಟಲ್, ಟೆಂಪೊರಲ್, ಸ್ಫೀನಾಯ್ಡ್ ನಾಲ್ಕೂ ಕೂಡುವ ಜಾಗಕ್ಕೆ ಟೀರಿಯಾನ್ ಎನ್ನುತ್ತಾರೆ. ಬುರುಡೆ ಅಲ್ಲಿ ತೆಳುವು, ಅದರ ಒಳಮೈಗೆ ಅಂಟಿಕೊಂಡೇ ಒಂದು ಅಪಧಮನಿ ಹಾಯುತ್ತದೆ. ಎಲುಬು ಸೀಳಿದರೆ ಆ ನಾಳವೂ ಹರಿಯುತ್ತದೆ. ಗಾಯಾಳು ಎದ್ದು ಕುಳಿತು, ಹೆಸರು ಹೇಳಿ, ಚಹಾ ಕೇಳಿ, ಮನೆಗೆ ಹೋಗುತ್ತೇನೆ ಎನ್ನುತ್ತಾನೆ. ಕೆಲವು ತಾಸಿನಲ್ಲಿ ಒಳಗೆ ಸೇರಿದ ರಕ್ತ ಮಿದುಳನ್ನು ಒತ್ತಿ ಪ್ರಜ್ಞೆ ತಪ್ಪುತ್ತದೆ. ‘ಚಲೋನೇ ಮಾತಾಡ್ತಿದ್ದನಲ್ರಿ’ ಎಂಬ ಮಾತನ್ನು ಅಂಥ ಮನೆಯವರಿಂದ ಎಷ್ಟು ಸಲ ಕೇಳಿದ್ದೇನೋ. ರಾಯಚೂರಿಗೋ ಬಳ್ಳಾರಿಗೋ ಎರಡು ತಾಸಿನ ದಾರಿ ಇರುವ ಊರಿನಲ್ಲಿ, ಆ ತೆಳುವಾದ ಎಲುಬಿಗೂ ರಸ್ತೆಗೂ ನಡುವೆ ಇರಬೇಕಾದದ್ದು ಹೆಲ್ಮೆಟ್ಟು. ಹಟ್ಟಿ ಚಿನ್ನದ ಗಣಿಯಲ್ಲಿ ಟೊಪ್ಪಿಗೆಯಿಲ್ಲದೆ ಕೆಳಗಿಳಿಯದ ಮನುಷ್ಯ ಕೂಡ ಬೈಕ್ ಹತ್ತುವಾಗ ಬರಿದಲೆಯಲ್ಲೇ ಹೊರಡುತ್ತಿದ್ದ.

ಅವ್ವನ ಎರಡನೆಯ ಪ್ರಶ್ನೆ, ಯಾವ ಊರು ಎಂಬುದು. ಇದಕ್ಕೆ ಉತ್ತರ ಹಲ್ಲಿನಲ್ಲಿದೆ ಎಂದು ತಿಳಿದದ್ದು ಲಿಂಗಸುಗೂರಿನ ಹೊರರೋಗಿ ವಿಭಾಗದಲ್ಲಿ. ರಾಯಚೂರು ಜಿಲ್ಲೆಯ ಗ್ರಾನೈಟು, ನೈಸ್ ಬಂಡೆಗಳ ನಡುವೆ ಇಂಗಿದ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಕೆರೆ, ಬಾವಿ ಬಿಟ್ಟು ಜನ ಆಳದ ಬೋರ್‌ವೆಲ್ ಕುಡಿಯಲು ಶುರುಮಾಡಿದಂತೆ ಅದು ಹೊಟ್ಟೆಗೆ ಹೋಗುವುದೂ ಹೆಚ್ಚಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಮೊದಲು ಸುಣ್ಣದ ಗೆರೆ, ಆಮೇಲೆ ಕಂದು ಕಲೆ. ಹಲ್ಲಿನ ಹೊರಪದರ ಕಟ್ಟುವುದು ಬಾಲ್ಯದಲ್ಲಿ, ಮುಂದಿನ ಹಲ್ಲುಗಳಿಗಂತೂ ಶಾಲೆಯ ಮೊದಲ ತರಗತಿಗಳ ಹೊತ್ತಿಗೇ ಮುಗಿದಿರುತ್ತದೆ. ಒಮ್ಮೆ ಕಟ್ಟಿದ ಮೇಲೆ ಆ ಪದರವನ್ನು ಮೈ ಮತ್ತೆ ಹೊಸದಾಗಿ ಕಟ್ಟುವುದಿಲ್ಲ. ಹಾಗಾಗಿ ಐವತ್ತರ ಗಂಡಸಿನ ಮುಂದಿನ ಹಲ್ಲು ನೋಡಿದರೆ ಅವನು ಐದನೇ ವಯಸ್ಸಿನಲ್ಲಿ ಎಂಥ ನೀರು ಕುಡಿದ ಎಂದು ಹೇಳಬಹುದು. ಮದುವೆಯಾಗಿ ಬಂದ ಸೊಸೆಯಂದಿರು ಬಾಯಿ ತೆರೆದರೆ ತವರಿನ ಬೋರ್‌ವೆಲ್ ಗೊತ್ತಾಗುತ್ತಿತ್ತು. ಆ ಭಾಗದ ಹಳ್ಳಿಗಳ ನೀರಿನ ಪರಿಚಯವಿದ್ದ ನಮ್ಮ ಸಿಬ್ಬಂದಿ ಊರಿನ ಹೆಸರನ್ನೂ ಊಹಿಸುತ್ತಿದ್ದರು. ಕಲೆಯಾದ ಹಲ್ಲನ್ನು ಸೆರಗಿನಲ್ಲಿ ಮರೆಮಾಡಿ ನಗುವ ಹುಡುಗಿಯರಿಗೆ ಹಲ್ಲುಪುಡಿಯ ಜಾಹೀರಾತು ಏನೂ ಮಾಡಲಾರದು. ಊರಿಗೆ ಶುದ್ಧ ನೀರು ಬರಬೇಕು, ಅದೂ ಕೂಸು ಹುಟ್ಟುವ ಮೊದಲು.

ಮೂರನೆಯ ಪ್ರಶ್ನೆಗೆ ಬರುತ್ತೇನೆ. ಯಾವ ಮಂದಿ?

ಇದನ್ನು ಕೇಳಿದ್ದು ನಮ್ಮ ಅವ್ವ ಒಬ್ಬಳೇ ಅಲ್ಲ. ಯುರೋಪಿನ ವಿದ್ವಾಂಸರು ಶತಮಾನಕ್ಕೂ ಹೆಚ್ಚು ಕಾಲ ಕೈಯಲ್ಲಿ ಕ್ಯಾಲಿಪರ್ ಹಿಡಿದು ಕೇಳಿದ ಪ್ರಶ್ನೆ ಇದೇ. ಸ್ವೀಡನ್ನಿನ ಆಂಡರ್ಸ್ ರೆಟ್ಜಿಯಸ್ 1840ರ ದಶಕದಲ್ಲಿ ತಲೆಯ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವ ಲೆಕ್ಕ ಹುಟ್ಟುಹಾಕಿದ. ಉತ್ತರ 75ಕ್ಕಿಂತ ಕಡಿಮೆ ಬಂದರೆ ಉದ್ದತಲೆ, 80ಕ್ಕಿಂತ ಹೆಚ್ಚಾದರೆ ಗಿಡ್ಡತಲೆ. ಈ ಅಂಕಿಯಿಂದ ಜನಾಂಗಗಳನ್ನು ವಿಂಗಡಿಸಿದರು. ನಮ್ಮ ದೇಶದಲ್ಲಿ 1901ರ ಜನಗಣತಿಯ ಮುಖ್ಯಸ್ಥನಾಗಿದ್ದ ಹರ್ಬರ್ಟ್ ರಿಸ್ಲಿ ಮೂಗಿನ ಅಗಲವನ್ನು ಅಳೆದು, ಮೂಗು ಅಗಲವಾದಂತೆ ಜಾತಿ ಕೆಳಗಿಳಿಯುತ್ತದೆ ಎಂದು ಬರೆದ. ಬಳ್ಳಾರಿಯೂ ಸೇರಿದ್ದ ಮದರಾಸು ಪ್ರಾಂತ್ಯದಲ್ಲಿ ಎಡ್ಗರ್ ಥರ್ಸ್ಟನ್ ಜಾತಿ ಜಾತಿಯ ಜನರನ್ನು ನಿಲ್ಲಿಸಿ ತಲೆ, ಮೂಗು ಅಳೆದ. ಆ ಜಾತಿಗಳ ಬಗ್ಗೆ ಅವನು ಬರೆದ ಏಳು ಸಂಪುಟಗಳು 1909ರಲ್ಲಿ ಬಂದವು. ಆ ಅಳತೆಯ ಗುರುತು ನಮ್ಮ ಪಾಠದಲ್ಲೂ ಉಳಿದಿತ್ತು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ನಮಗೆ ಮೊದಲು ಹೇಳುತ್ತಿದ್ದದ್ದು ‘ಬುರುಡೆಯನ್ನು ಸರಿಯಾದ ಭಂಗಿಯಲ್ಲಿ ಹಿಡಿ’ ಎಂದು. ಕಣ್ಣಗೂಡಿನ ಕೆಳ ಅಂಚು, ಕಿವಿತೂತಿನ ಮೇಲಂಚು ಒಂದೇ ಸಮತಲದಲ್ಲಿರಬೇಕು. ಅದಕ್ಕೆ ಫ್ರಾಂಕ್‌ಫರ್ಟ್ ಸಮತಲವೆಂದು ಹೆಸರು. 1880ರ ದಶಕದಲ್ಲಿ ಆ ಊರಿನಲ್ಲಿ ಸೇರಿದ್ದ ಬುರುಡೆ ಅಳೆಯುವವರ ಒಪ್ಪಂದದಿಂದ ಅದು ಬಂದದ್ದು. ಅಳತೆಯ ಹಿಂದಿನ ಸಿದ್ಧಾಂತ ಬಿದ್ದುಹೋಗಿ ಹಿಡಿಯುವ ಭಂಗಿ ಮಾತ್ರ ಉಳಿದಿದೆ. ಈಗ ಹಲ್ಲಿನ ಡಾಕ್ಟರರು ಎಕ್ಸ್‌ರೇ ತೆಗೆಯುವಾಗ ಅದನ್ನು ಬಳಸುತ್ತಾರೆ.

ಸಿದ್ಧಾಂತ ಬಿದ್ದದ್ದು ಹೇಗೆಂದು ತಿಳಿಯಲು ನಮ್ಮ ಬಾಣಂತಿ ಕೋಣೆಗೆ ಹೋದರೂ ಸಾಕು. ಕೂಸಿನ ತಲೆ ಗುಂಡಗಾಗಲೆಂದು ಸಾಸಿವೆ ತುಂಬಿದ ದಿಂಬಿನ ಮೇಲೆ ಮಲಗಿಸುತ್ತಾರೆ. ಎರೆಯುವ ಅಜ್ಜಿ ಅಂಗೈಯಿಂದ ಹಣೆ, ಹಿಂದಲೆ ಒತ್ತಿ ತಿದ್ದುತ್ತಾಳೆ. ಒಂದೇ ಮಗ್ಗುಲಿಗೆ ಮಲಗಿಸಿ ರೂಢಿಯಾದ ಕೂಸಿನ ತಲೆ ಆ ಕಡೆಗೆ ಚಪ್ಪಟೆಯಾಗುತ್ತದೆ. ಮಲಗಿಸುವ ರೀತಿಯಿಂದ ಬದಲಾಗುವ ಅಂಕಿಯನ್ನು ವಂಶದ ಗುರುತು ಎನ್ನಲು ಬರುವುದಿಲ್ಲ. ಅಮೆರಿಕದ ಫ್ರಾಂಜ್ ಬೋವಾಸ್ 1912ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು: ಯುರೋಪಿನಿಂದ ವಲಸೆ ಬಂದವರ ತಲೆಗೂ ಅವರಿಗೆ ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ತಲೆಗೂ ಆಕಾರದಲ್ಲಿ ವ್ಯತ್ಯಾಸವಿತ್ತು.

ಹೀಗಿದ್ದೂ ಈ ಅಳತೆ ನಮ್ಮ ನೆಲದ ಹಳೆಯ ಸತ್ತವರನ್ನು ಬಿಡಲಿಲ್ಲ. ಲಿಂಗಸುಗೂರಿನಲ್ಲಿದ್ದಾಗ ಭಾನುವಾರ ಮುದಗಲ್ಲಿನ ಕಡೆ ಹೋಗುತ್ತಿದ್ದೆ. ಅದರ ಹತ್ತಿರದ ಪಿಕ್ಲಿಹಾಳದ ಬಂಡೆಗಳ ನಡುವೆ 1952ರಲ್ಲಿ ರೇಮಂಡ್ ಆಲ್ಚಿನ್ ಅಗೆದು ನವಶಿಲಾಯುಗದ ದನಗಾಹಿಗಳ ನೆಲೆಯನ್ನು ಗುರುತಿಸಿದ್ದರು. ಅಲ್ಲಿ ಸಿಕ್ಕ ಮನುಷ್ಯರ ಎಲುಬುಗಳ ಬಗ್ಗೆಯೇ ಪ್ರತ್ಯೇಕ ವರದಿ ಬಂದಿದೆ. ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅಗೆದಾಗ ಶಿಲಾತಾಮ್ರಯುಗದ ವಸತಿಯ ಮೇಲೆ ಕಬ್ಬಿಣಯುಗದ ಸಮಾಧಿಗಳು ಕಂಡವು. ನಾನು ಬುರುಡೆಯ ಚೀಲ ಹೊತ್ತು ಬಸ್ಸಿನಲ್ಲಿ ದಾಟಿದ ತೆಕ್ಕಲಕೋಟೆಯ ಗುಡ್ಡದಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಅಗೆದಿದ್ದರು, ಅಲ್ಲಿನ ಎಲುಬುಗಳನ್ನು ಅಧ್ಯಯನ ಮಾಡಿದವರು ಕೆ. ಸಿ. ಮಲ್ಹೋತ್ರ. ಆ ಕಾಲದ ಇಂಥ ವರದಿಗಳಲ್ಲಿ ತಲೆಯ ಉದ್ದಗಲ ಅಳೆದು ಇದು ‘ಆಸ್ಟ್ರಲಾಯ್ಡ್’, ಅದು ‘ಮೆಡಿಟರೇನಿಯನ್’ ಎಂದು ಬರೆಯುವ ಪದ್ಧತಿ ಸಾಮಾನ್ಯವಾಗಿತ್ತು. ಮಣ್ಣಿನ ಭಾರಕ್ಕೆ ಒಡೆದು ಚೂರಾಗಿದ್ದನ್ನು ಅಂಟಿಸಿ ಕೂಡಿಸಿದ ಕೆಲವೇ ಬುರುಡೆಗಳ ಮೇಲೆ ಇಡೀ ಜನಾಂಗದ ಹೆಸರು ನಿಲ್ಲುತ್ತಿತ್ತು.

ಅದೇ ಅಗೆತಗಳು ಮಂದಿಯ ಬಗ್ಗೆ ನಿಜವಾಗಿ ಹೇಳುವುದು ಬೇರೆ ಇದೆ. ಈ ಸೀಮೆಯ ನವಶಿಲಾಯುಗದವರು ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ವಾಸದ ನೆಲೆಯಲ್ಲೇ ಹೂಳುತ್ತಿದ್ದರು. ಬೃಹತ್ ಶಿಲಾಯುಗದವರು ಹಲವು ಕಡೆ ಮೈ ಕರಗಿದ ಮೇಲೆ ಬುರುಡೆ ಮತ್ತು ಉದ್ದ ಎಲುಬುಗಳನ್ನು ಆರಿಸಿ ತಂದು ಕಲ್ಲಿನ ಮನೆಯೊಳಗೆ ಇಡುತ್ತಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದ ಸಮಾಧಿಗಳು ಇದಕ್ಕೆ ಒಳ್ಳೆಯ ಸಾಕ್ಷಿ. ಗಂಗಾವತಿಯ ಕಡೆ ಹಿರೇಬೆಣಕಲ್ಲಿನ ಗುಡ್ಡದಲ್ಲಿ ಅಂಥ ಕಲ್ಲುಮನೆಗಳು ಇನ್ನೂ ಎದ್ದು ನಿಂತಿವೆ, ಜನ ಅವುಗಳನ್ನು ಮೋರ್ಯರ ಮನೆ ಎನ್ನುತ್ತಾರೆ. ಎಲುಬನ್ನು ಮುಟ್ಟಲು ಅಂಜದೆ, ಎಣಿಸಿ, ಜೋಡಿಸಿ, ಗೌರವದಿಂದ ಎತ್ತಿಡುವ ಮಂದಿ ಇಲ್ಲಿ ಇದ್ದರು.

ಈಗ ವಂಶ ತಿಳಿಯಲು ಬುರುಡೆಯ ಆಕಾರವನ್ನು ಅಷ್ಟಾಗಿ ನೆಚ್ಚುವುದಿಲ್ಲ. ಟೆಂಪೊರಲ್ ಎಲುಬಿನ ಒಳಗೆ, ಕೇಳುವ ಅಂಗವನ್ನು ಕಾಪಾಡುವ ಪೆಟ್ರಸ್ ಎಂಬ ಭಾಗವಿದೆ. ಮೈಯ ಅತಿ ಗಟ್ಟಿಯಾದ ಎಲುಬುಗಳಲ್ಲಿ ಅದೊಂದು. ಹಳೆಯ ಡಿಎನ್ಎ ಉಳಿದಿದ್ದರೆ ಅಲ್ಲಿ ಉಳಿದಿರುತ್ತದೆ. 2019ರಲ್ಲಿ ಪ್ರಕಟವಾದ ಹರಿಯಾಣದ ರಾಖಿಗಢಿಯ ಸಂಶೋಧನೆಯಲ್ಲಿ 60ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದರೂ ಓದಲು ಸಿಕ್ಕದ್ದು ಒಬ್ಬರದ್ದು ಮಾತ್ರ. ಬಿಸಿಲಿಗೆ ಡಿಎನ್ಎ ಕೆಡುತ್ತದೆ, ನಮ್ಮ ರಾಯಚೂರಿನ ಬಿಸಿಲು ಅಲ್ಲಿಯದಕ್ಕಿಂತ ಮೃದುವೇನಲ್ಲ. ಸಿಕ್ಕರೂ ಅದು ಹೇಳುವುದು ಪೂರ್ವಿಕರ ಓಡಾಟವನ್ನು. ಅದರಲ್ಲಿ ಮೇಲು ಕೀಳು ಬರೆದಿಲ್ಲ.

ಹಾಗಾದರೆ ನನ್ನ ಬುರುಡೆ ಯಾವ ಮಂದಿಯದು? ಜಾತಿ ಹೇಳಲಾರೆ, ಆದರೆ ಒಂದನ್ನು ಖಚಿತವಾಗಿ ಹೇಳಬಲ್ಲೆ: ಬಡವರ ಮಂದಿ. ಭಾರತ ಆಗ ಜಗತ್ತಿನ ವೈದ್ಯಕೀಯ ಕಾಲೇಜುಗಳಿಗೆಲ್ಲ ಎಲುಬು ಕಳಿಸುತ್ತಿತ್ತು. ಕೋಲ್ಕತ್ತ ಅದರ ದೊಡ್ಡ ಕೇಂದ್ರ. 1985ರಲ್ಲಿ ಸರ್ಕಾರ ರಫ್ತು ನಿಷೇಧಿಸಿತು. ಇತ್ತ ನಮ್ಮ ರಾಜ್ಯದ 1957ರ ಅಂಗರಚನಾಶಾಸ್ತ್ರ ಕಾಯ್ದೆ ಯಾರೂ ಕೇಳಿಕೊಂಡು ಬಾರದ ಹೆಣಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಕೊಡಲು ದಾರಿ ಮಾಡಿತು. ಯಾರೂ ಕೇಳಿಕೊಂಡು ಬಾರದವರು ಯಾರು? ಬಸ್‌ಸ್ಟ್ಯಾಂಡಿನಲ್ಲಿ ಮಲಗುವವರು, ದುಡಿಯಲು ಗುಳೇ ಹೋದ ಊರಿನಲ್ಲಿ ಸತ್ತವರು, ಸುದ್ದಿ ಮುಟ್ಟಿದರೂ ಹೆಣ ತರಲು ಗಾಡಿ ಖರ್ಚಿಗೆ ಗತಿಯಿಲ್ಲದ ಮನೆಯವರು. ಗುಳೇ ಹೋಗುವುದೆಂದರೆ ಏನೆಂದು ಲಿಂಗಸುಗೂರು, ಮಸ್ಕಿಯ ಮಂದಿಗೆ ಬಿಡಿಸಿ ಹೇಳಬೇಕಿಲ್ಲ. ಅವರನ್ನು ಯಾರೂ ಒಪ್ಪಿಗೆ ಕೇಳಲಿಲ್ಲ. ಅವರ ತಲೆಯ ಮೇಲೆ ಕೆಂಪು ನೀಲಿ ಬಣ್ಣ ಬಳಿದು ನಾವು ಡಾಕ್ಟರಾದೆವು. ಆ ಬುರುಡೆಯನ್ನು ನಾನೂ ಪದ್ಧತಿಯಂತೆ ಕಿರಿಯನೊಬ್ಬನ ಕೈಗೆ ದಾಟಿಸಿ ಬಂದೆ.

ಪ್ಲಾಸ್ಟಿಕ್ ಬುರುಡೆ, ಕಂಪ್ಯೂಟರ್ ಚಿತ್ರ ಈಗ ಸಿಗುತ್ತವೆ. ಎಲುಬಿನ ಹೆಸರು ಕಲಿಯಲು ಅವು ಸಾಕು. ಟೀರಿಯಾನ್ ಒಬ್ಬನಲ್ಲಿ ಎಷ್ಟು ತೆಳುವು, ಇನ್ನೊಬ್ಬನಲ್ಲಿ ಎಷ್ಟು ದಪ್ಪ ಎಂಬ ವ್ಯತ್ಯಾಸವನ್ನು ಅಚ್ಚಿನಲ್ಲಿ ಎರಕ ಹೊಯ್ದದ್ದು ಕಲಿಸುವುದಿಲ್ಲ. ನಾಳೆ ನಮ್ಮ ಮಕ್ಕಳ ತಲೆ ಕೊಯ್ಯಬೇಕಾದ ಸರ್ಜನ್ ಇಂದು ನಿಜವಾದ ತಲೆಯಲ್ಲೇ ಕಲಿಯಬೇಕು. ಆ ತಲೆ ಎಲ್ಲಿಂದ ಬರಬೇಕು ಎಂಬುದಕ್ಕೆ ಬೈಲಹೊಂಗಲದ ಆಯುರ್ವೇದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ಉತ್ತರ ಕೊಟ್ಟು ಹೋಗಿದ್ದಾರೆ. 2008ರಲ್ಲಿ ತೀರಿಕೊಳ್ಳುವ ಮೊದಲೇ ತಮ್ಮ ದೇಹವನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟಿದ್ದರು. ಅದನ್ನು ತಮ್ಮ ಮಗನೇ ಛೇದಿಸಿ ತೋರಿಸಲಿ ಎಂಬುದು ಅವರ ಆಸೆ. ಅಂಗರಚನಾಶಾಸ್ತ್ರ ಕಲಿಸುವ ಮಗ ಡಾ. ಮಹಾಂತೇಶ ರಾಮಣ್ಣವರ 2010ರ ನವೆಂಬರಿನಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಮುಂದೆ ಆ ಕೆಲಸ ಮಾಡಿದರು. ಹೂಳುವ ಪದ್ಧತಿ ಗಟ್ಟಿಯಾಗಿರುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ದೇಹದಾನಕ್ಕೆ ದೊಡ್ಡ ಕಾಗದಪತ್ರ ಬೇಕಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ, ಕಲಬುರಗಿ, ಎಲ್ಲಿಯದೇ ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಅರ್ಜಿ ಸಿಗುತ್ತದೆ. ಸಾಕ್ಷಿಗೆ ಮನೆಯವರೇ ಸಹಿ ಹಾಕಿದರೆ ಒಳ್ಳೆಯದು. ಮರಣೋತ್ತರ ಪರೀಕ್ಷೆಯಾದ ಅಥವಾ ಅಂಟುರೋಗವಿದ್ದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣನ್ನು ಮೊದಲು ದಾನ ಮಾಡಿ, ಉಳಿದದ್ದನ್ನು ಕಾಲೇಜಿಗೆ ಕೊಡಬಹುದು. ನಮ್ಮ ಬಿಸಿಲಿನ ಸೀಮೆಯಲ್ಲಿ ಕೆಲವೇ ತಾಸಿನಲ್ಲಿ ದೇಹ ಅಲ್ಲಿಗೆ ಮುಟ್ಟಬೇಕು. ನಾನು ಅರ್ಜಿ ತುಂಬಿಕೊಟ್ಟಿದ್ದೇನೆ, ಮಕ್ಕಳು ಸಹಿ ಹಾಕಿದ್ದಾರೆ. ನೀವೂ ಅರ್ಜಿಗೆ ಸಹಿ ಹಾಕುವ ಮೊದಲು ಮನೆಯ ಮಂದಿಯನ್ನು ಕೂರಿಸಿಕೊಂಡು ಮಾತಾಡಿ. ಉಸಿರು ನಿಂತ ಮೇಲೆ ಕಾಲೇಜಿಗೆ ಫೋನು ಮಾಡಬೇಕಾದವರು ಅವರೇ, ಅವರು ಒಲ್ಲೆ
ಎಂದರೆ ನಿಮ್ಮ ಸಹಿಗೆ ಬೆಲೆಯಿಲ್ಲ.